ಒಂದು ತೋಟಾದ ಚರಿತ್ರೆ: ಖಾನಾಪುರದ ಕಾಡಿನಿಂದ ಮಣ್ಣಿನ ಬಿಲ್ಲೆಯವರೆಗೆ

ವಿದ್ಯಾರ್ಥಿಗಳೇ, ಬಂದೂಕು ಒಮ್ಮೆ ಕೊಂಡರೆ ತಲೆಮಾರುಗಳವರೆಗೆ ಬಾಳುವ ವಸ್ತು. ಪ್ರತಿ ಸಲವೂ ಹೊಸದಾಗಿ ಬೇಕಾಗುವುದು ಮದ್ದುಗುಂಡು. ಅದನ್ನು ಇಟ್ಟುಕೊಳ್ಳಲು ಯಾರಿಗೆ ಅನುಮತಿ ಇತ್ತು, ಕೊಳ್ಳುವ ಶಕ್ತಿ ಯಾರಿಗೆ ಇತ್ತು? ಈ ಎರಡು ಪ್ರಶ್ನೆಗಳನ್ನು ಹಿಡಿದು ಹೊರಟರೆ ಬೆಳಗಾವಿ ಸೀಮೆಯ ಚರಿತ್ರೆ ಬೇರೆ ಬಗೆಯಾಗಿಯೇ ಕಾಣಿಸುತ್ತದೆ.

1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ವಶವಾಯಿತು. 1824ರಲ್ಲಿ ಕಿತ್ತೂರು ಅವರನ್ನು ಎದುರಿಸಿತು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಇಂದಿನ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಜನರ ಕೈಯಲ್ಲಿ ಆಯುಧವಿರುವುದು ಆಳುವವರಿಗೆ ಸಹಜವಾಗಿಯೇ ಭಯ ತಂದಿತು. 1857ರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿದ ಹಲಗಲಿಯ ಬೇಡರ ಕಥೆಯನ್ನು ನೀವು ಲಾವಣಿಯ ಮೂಲಕ ಬಲ್ಲಿರಿ. ಮುಂದೆ 1878ರ ಶಸ್ತ್ರ ಕಾಯಿದೆ ಭಾರತೀಯರಿಗೆ ಲೈಸನ್ಸನ್ನು ಕಡ್ಡಾಯ ಮಾಡಿತು. ಯುರೋಪಿಯನ್ನರಿಗೆ ವಿನಾಯಿತಿ ನೀಡಿತು. ಹೀಗಾಗಿ ಬೆಳಗಾವಿ ದಂಡಿನ ಅಧಿಕಾರಿಗೆ ಖಾನಾಪುರದ ಕಾಡು ಬೇಟೆಯ ವಿನೋದದ ತಾಣವಾದರೆ, ಅದೇ ಕಾಡಿನ ಅಂಚಿನ ರೈತನಿಗೆ ಬಂದೂಕು ಅರ್ಜಿ ಹಾಕಿ ಬೇಡಿ ಪಡೆಯಬೇಕಾದ ವಸ್ತುವಾಯಿತು.

ಇತ್ತ ಪಶ್ಚಿಮ ದೇಶಗಳಲ್ಲಿ ಗುರಿಕಾರಿಕೆ ಬೇರೆ ದಾರಿ ಹಿಡಿಯುತ್ತಿತ್ತು. ಮೊದಲು ಪಂಜರದಿಂದ ಬಿಟ್ಟ ಪಾರಿವಾಳಗಳನ್ನು ಹೊಡೆಯುತ್ತಿದ್ದರು. ಆಮೇಲೆ ಗಾಜಿನ ಚೆಂಡುಗಳು ಬಂದವು. 1880ರಲ್ಲಿ ಅಮೆರಿಕದ ಜಾರ್ಜ್ ಲಿಗೊವ್ಸ್ಕಿ ಮಣ್ಣಿನ ಬಿಲ್ಲೆಯನ್ನು ರೂಪಿಸಿದ. ಇಂದಿನ ಬಿಲ್ಲೆ 110 ಮಿಲಿಮೀಟರ್ ಅಗಲ, ಸುಮಾರು 105 ಗ್ರಾಂ ತೂಕ. ಬೇಟೆಯ ಕೌಶಲ ಉಳಿಯಿತು, ಪ್ರಾಣಹಾನಿ ತಪ್ಪಿತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ವಿನೋದದ ಬೇಟೆಗೆ ತೆರೆ ಎಳೆಯಿತು. ಖಾನಾಪುರದ ಭೀಮಗಡ ಅರಣ್ಯ 2011ರಲ್ಲಿ ಅಭಯಾರಣ್ಯವಾಯಿತು. ಇಂದು ಆ ಭಾಗದ ರೈತನ ಮನೆಯಲ್ಲಿ ಬಂದೂಕಿದ್ದರೆ ಅದು ಬೆಳೆ ರಕ್ಷಣೆಗೋ ಆತ್ಮರಕ್ಷಣೆಗೋ ಕೊಟ್ಟ ಲೈಸನ್ಸಿನದು.

ಆ ಬಂದೂಕಿನಿಂದಲೇ ಬಿಲ್ಲೆ ಹೊಡೆಯಬಹುದಲ್ಲ ಎಂದು ನೀವು ಕೇಳಬಹುದು. ಎರಡೂ ಸಾಮಾನ್ಯವಾಗಿ 12 ಬೋರಿನವೇ. ಅಂದರೆ ನಳಿಗೆಗೆ ಸರಿಯಾಗಿ ಕೂಡುವ ಸೀಸದ ಗುಂಡುಗಳು 12 ಸೇರಿದರೆ ಒಂದು ಪೌಂಡ್ ತೂಗುತ್ತವೆ ಎಂಬುದು ಆ ಹಳೆಯ ಲೆಕ್ಕ. ಆದರೆ ಲೈಸನ್ಸಿನ ಉದ್ದೇಶ ಬೇರೆ, ತೋಟಾ ಬೇರೆ. ಬೇಟೆಯ ತೋಟಾದಲ್ಲಿ 30 ಗ್ರಾಮಿಗೂ ಹೆಚ್ಚು ಸೀಸದ ಚರೆ ಇರುವುದುಂಟು. ಒಲಿಂಪಿಕ್ ನಿಯಮದ ತೋಟಾದಲ್ಲಿ 24 ಗ್ರಾಮಿಗಿಂತ ಹೆಚ್ಚು ಇರುವಂತಿಲ್ಲ. ಚರೆ ಹಗುರವಾದಷ್ಟೂ ಹೆಗಲಿಗೆ ಬೀಳುವ ಒದೆ ಕಡಿಮೆ.

ಇನ್ನು ಆಯ್ಕೆಯ ವಿಚಾರ. ಟ್ರ್ಯಾಪ್ ಸ್ಪರ್ಧೆಯಲ್ಲಿ ಬಿಲ್ಲೆ ದೂರಕ್ಕೆ ಓಡುತ್ತದೆ; ಆದ್ದರಿಂದ ದೂರದಲ್ಲೂ ಬಲ ಕಳೆದುಕೊಳ್ಳದ, ಸುಮಾರು 2.4 ಮಿಲಿಮೀಟರ್ ದಪ್ಪದ ಚರೆ ಬೇಕು. ಒಂದು ತೋಟಾದಲ್ಲಿ ಅಂಥವು ಸುಮಾರು 300. ಸ್ಕೀಟ್‌ನಲ್ಲಿ ಬಿಲ್ಲೆ ಹತ್ತಿರವೇ ಅಡ್ಡ ಹಾಯುತ್ತದೆ. ಅಲ್ಲಿ 2 ಮಿಲಿಮೀಟರಿನ ಸಣ್ಣ ಚರೆ ಸಾಕು. ಅವು ಸುಮಾರು 500 ಹಿಡಿಯುತ್ತವೆ, ಬಲೆಯಂತೆ ಹರಡುತ್ತವೆ.

ಖರ್ಚಿನ ಲೆಕ್ಕವನ್ನು ನೀವೇ ಮಾಡಿ ನೋಡಿ. ಒಂದು ಸುತ್ತಿಗೆ 25 ಬಿಲ್ಲೆ. ಸ್ಕೀಟ್‌ನಲ್ಲಿ ಬಿಲ್ಲೆಗೆ ಒಂದೇ ತೋಟಾ. ಟ್ರ್ಯಾಪ್‌ನ ಅರ್ಹತಾ ಸುತ್ತುಗಳಲ್ಲಿ ಎರಡನೆಯ ಏಟಿಗೂ ಅವಕಾಶವಿರುವುದರಿಂದ 25ರಿಂದ 50 ತೋಟಾ ಬೇಕು. 125 ಬಿಲ್ಲೆಗಳ ಒಂದು ಸ್ಪರ್ಧೆಗೆ 250ರವರೆಗೆ ಆಗಬಹುದು. ಇದು ಸ್ಪರ್ಧೆಯೊಂದರ ಲೆಕ್ಕ ಮಾತ್ರ. ಅಭ್ಯಾಸ ವರ್ಷವಿಡೀ ನಡೆಯಬೇಕು. ಹಾರಿದ ತೋಟಾ ಮತ್ತೆ ಬಾರದು. 1869ರಲ್ಲಿ ಆರಂಭವಾದ ಪುಣೆ ಬಳಿಯ ಖಡಕಿ ಮದ್ದುಗುಂಡು ಕಾರ್ಖಾನೆ ದೇಶಕ್ಕೆ ಶಕ್ತಿಮಾನ್ ಹೆಸರಿನ ತೋಟಾ ಕೊಟ್ಟಿತು. ಆದರೂ ಸ್ಪರ್ಧಿಗಳು ಬಹುಮಟ್ಟಿಗೆ ವಿದೇಶದ ತೋಟಾಗಳನ್ನೇ ನೆಚ್ಚಿದ್ದಾರೆ. ಆಮದಿನ ಬೆಲೆಯ ಜೊತೆಗೆ, ಕ್ರೀಡಾಪಟುವಿನ ದರ್ಜೆಗೆ ತಕ್ಕಂತೆ ವರ್ಷಕ್ಕೆ ಇಷ್ಟೇ ಎಂಬ ಕಾನೂನಿನ ಮಿತಿಯೂ ಇದೆ.

ಆದ್ದರಿಂದಲೇ ಈ ಕ್ರೀಡೆಯ ಆರಂಭದ ಹೆಸರುಗಳು ಅರಮನೆಗಳಿಂದ ಬಂದವು. ಬಿಕಾನೇರಿನ ಮಹಾರಾಜ ಕರ್ಣಿ ಸಿಂಗ್ 1962ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದರು, ಐದು ಒಲಿಂಪಿಕ್ಸ್‌ಗಳಲ್ಲಿ ಪಾಲ್ಗೊಂಡರು. 2004ರಲ್ಲಿ ಅಥೆನ್ಸ್‌ನಲ್ಲಿ ಡಬಲ್ ಟ್ರ್ಯಾಪ್ ಬೆಳ್ಳಿ ಗೆದ್ದ ರಾಜ್ಯವರ್ಧನ ಸಿಂಗ್ ರಾಥೋಡ್ ಆಗ ಸೈನ್ಯದ ಅಧಿಕಾರಿಯಾಗಿದ್ದರು. ಅರಮನೆಯ ಖಜಾನೆಯ ಬದಲು ಸಂಸ್ಥೆಯ ಬೆಂಬಲ ಬಂದಾಗ ಬಾಗಿಲು ತುಸು ಅಗಲವಾಯಿತೆಂದು ಇದರಿಂದ ತಿಳಿಯಬಹುದು. 2024ರ ಪ್ಯಾರಿಸ್‌ನಲ್ಲಿ ಸ್ಕೀಟ್ ಮಿಶ್ರ ತಂಡದ ಕಂಚಿನ ಪದಕ ನಮ್ಮವರಿಗೆ 43–44ರಲ್ಲಿ, ಒಂದೇ ಬಿಲ್ಲೆಯ ಅಂತರದಲ್ಲಿ ತಪ್ಪಿತು. ಆ ಒಂದು ಬಿಲ್ಲೆಯ ಹಿಂದೆ ಅಭ್ಯಾಸದ ಸಾವಿರಾರು ತೋಟಾಗಳಿರುತ್ತವೆ.

ಹಾಗಾದರೆ ಖಾನಾಪುರದ ಹುಡುಗ ಅಥವಾ ಹುಡುಗಿಗೆ ದಾರಿಯಿಲ್ಲವೇ? ಇದೆ. ಎನ್‌ಸಿಸಿ ಸೇರಿದವರಿಗೆ .22 ರೈಫಲ್‌ನಲ್ಲಿ ಸರ್ಕಾರದ ಗುಂಡಿನಿಂದಲೇ ಗುರಿ ಕಲಿಯುವ ಅವಕಾಶವುಂಟು. ಏರ್ ರೈಫಲ್‌ನ ಗುಂಡು ತೋಟಾಕ್ಕಿಂತ ಎಷ್ಟೋ ಅಗ್ಗ. ಕಣ್ಣು, ಉಸಿರು, ಶಿಸ್ತು ಅಲ್ಲಿ ಪಳಗುತ್ತವೆ. ಆದರೆ ಬಿಲ್ಲೆಯ ಮೈದಾನಕ್ಕೆ ಕಾಲಿಡಲು ಪ್ರತಿಭೆಯ ಜೊತೆಗೆ ತೋಟಾ ಒದಗಿಸುವ ಕೈಯೂ ಬೇಕು. 1878ರಲ್ಲಿ ಕಾಯಿದೆ ಕಟ್ಟಿದ ಗೋಡೆ ಸ್ವತಂತ್ರ ಭಾರತದಲ್ಲಿ ಬಿದ್ದಿದೆ. ಬೆಲೆ ಕಟ್ಟಿದ ಗೋಡೆ ಇನ್ನೂ ನಿಂತಿದೆ. ಅದನ್ನು ಇಳಿಸುವುದು ಹೇಗೆ ಎಂದು ಆಲೋಚಿಸುವ ಹೊಣೆ ನಿಮ್ಮ ಪೀಳಿಗೆಯದೂ ಹೌದು.