ಜಗತ್ತು ಮಾಡಿದವರು ಯಾರು? ಕಾಗಿಣಾ ದಂಡೆಯ ಒಂದು ಹಳೇ ವಾದ

ತಾಂಡೂರಿನ ಮಗ್ಗುಲಿಗೆ ಹರಿಯುವ ಕಾಗಿಣಾ ಹೊಳೆ ಪಡುವಣ ದಿಕ್ಕಿಗೆ ಸಾಗಿ, ಗಡಿ ದಾಟಿ, ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಯ ಹತ್ತಿರ ಹಾದು ಮುಂದೆ ಭೀಮೆಗೆ ಕೂಡುತ್ತದೆ. ವಾಡಿ ಕಡೆ ಹೋಗುವ ರೈಲಿನಲ್ಲಿ ಕೂತವರಿಗೆ ಮಳಖೇಡ ರೋಡ್ ಅಂದ್ರ ನಡುವೆ ಬರುವ ಒಂದು ಸಣ್ಣ ಸ್ಟೇಶನ್ ಅಷ್ಟೇ. ಆದರೆ ಒಂಬತ್ತನೇ ಶತಮಾನದಲ್ಲಿ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ದಖ್ಖನಿನ ಬಹುಭಾಗವನ್ನು ಅಲ್ಲಿಂದಲೇ ಆಳುತ್ತಿದ್ದರು. ಗಡಿ ಅನ್ನೋದು ಈಚಿನ ಮಾತು. 1956ರ ತನಕ ತಾಂಡೂರು ತಾಲ್ಲೂಕು ಗುಲಬರ್ಗಾ ಜಿಲ್ಲೆಯಲ್ಲೇ ಇತ್ತು. ಹೀಗಾಗಿ ಮಳಖೇಡದ ಚರಿತ್ರೆ ಕರಣಕೋಟದವರಿಗೆ ಪರದೇಶದ ಕಥೆ ಅಲ್ಲ.

ಆ ಚರಿತ್ರೆಯನ್ನು ಈಗ ನೆನೆಸಲು ಕಾರಣ ಒಂದು ಪ್ರಶ್ನೆ. ಹೈಸ್ಕೂಲ್ ಓದುವ ಮಕ್ಕಳು ಭೂಮಿ, ಸೂರ್ಯ, ನಕ್ಷತ್ರ ಹ್ಯಾಂಗ ಹುಟ್ಟಿದವು ಎಂಬ ಪಾಠ ಓದಿ ಮನೆಗೆ ಬಂದು, "ಇದರಾಗ ದೇವರ ಹೆಸರೇ ಇಲ್ಲಲ್ಲ, ಯಾಕ?" ಅಂತ ಕೇಳಿದರೆ ನಮ್ಮಲ್ಲಿ ಎರಡು ಸಿದ್ಧ ಉತ್ತರ ಇರುತ್ತವೆ. ಒಂದು, "ಸುಮ್ನಿರು, ಹೆಚ್ಚು ಓದಿದವರು ನಾಸ್ತಿಕರಾಗ್ತಾರ." ಇನ್ನೊಂದು, "ಅದೆಲ್ಲಾ ನಮ್ಮ ಹಿರಿಯರ ಗ್ರಂಥದಾಗ ಮೊದಲೇ ಬರೆದಿಟ್ಟಾರ." ಮೊದಲನೆಯದು ಮಗುವಿನ ಬಾಯಿ ಮುಚ್ಚಿಸುತ್ತದೆ. ಎರಡನೆಯದು ಪ್ರಶ್ನೆಯನ್ನೇ ಮುಚ್ಚಿಸುತ್ತದೆ. ನಮ್ಮ ಹಿರಿಯರು ನಿಜವಾಗಿ ಏನು ಬರೆದಿಟ್ಟಿದ್ದರು, ಅದನ್ನು ನೋಡೋಣ.

ಅಮೋಘವರ್ಷ ನೃಪತುಂಗ 814ರಿಂದ 878ರ ತನಕ ಆಳಿದ ದೊರೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥವಾದ ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಮಹಾವೀರಾಚಾರ್ಯರ ಗಣಿತಸಾರಸಂಗ್ರಹ ಬಂದದ್ದೂ ಅವನ ಕಾಲದಲ್ಲೇ. ಆ ದೊರೆಗೆ ಗುರುವಾಗಿದ್ದವರು ಜೈನಮುನಿ ಜಿನಸೇನರು. ಅವರು ಸಂಸ್ಕೃತದಲ್ಲಿ ಮಹಾಪುರಾಣ ಬರೆಯಲು ಹಿಡಿದರು. ಅದರ ಮೊದಲ ಭಾಗ ಆದಿಪುರಾಣ. ಅದು ಮುಗಿಯುವ ಮೊದಲೇ ತೀರಿಕೊಂಡರು, ಉಳಿದದ್ದನ್ನು ಶಿಷ್ಯ ಗುಣಭದ್ರರು ಪೂರೈಸಿದರು. ಮುಂದೆ 941ರಲ್ಲಿ ಪಂಪ ಇದೇ ಆದಿನಾಥನ ಕಥೆಯನ್ನು ಕನ್ನಡಕ್ಕೆ ತಂದ. ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ಊರು ವೇಮುಲವಾಡ, ಇವತ್ತಿನ ತೆಲಂಗಾಣದ್ದೇ.

ಜಿನಸೇನರ ಆದಿಪುರಾಣದಲ್ಲಿ ಲೋಕವನ್ನು ವರ್ಣಿಸುವಾಗ ಒಂದು ವಾದ ಬರುತ್ತದೆ: ಈ ಲೋಕವನ್ನು ಒಬ್ಬ ಕರ್ತಾರ ಸೃಷ್ಟಿಸಿದ ಎಂಬ ಮಾತು ನಿಲ್ಲುವುದಿಲ್ಲ. ಅವರ ತರ್ಕವನ್ನು ನಮ್ಮ ಊರಿನ ಮಾತಿನಲ್ಲಿ ಇಟ್ಟು ನೋಡ್ರಿ. ಗೌಂಡಿಯ ಹೋಲಿಕೆ ನನ್ನದು, ತರ್ಕ ಅವರದು.

ಗೌಂಡಿ ಮನೆ ಕಟ್ಟಬೇಕಾದರೆ ನಿಲ್ಲಲಿಕ್ಕೆ ಜಾಗ ಬೇಕು. ಜಗತ್ತೇ ಇಲ್ಲದಾಗ ಕಟ್ಟುವವನು ಎಲ್ಲಿ ನಿಂತಿದ್ದ? ಗೌಂಡಿಗೆ ಕಲ್ಲು, ಸುಣ್ಣ, ನೀರು ಬೇಕು. ಜಗತ್ತಿನ ಸಾಮಾನು ಎಲ್ಲಿಂದ ಬಂತು? ಆ ಸಾಮಾನನ್ನೂ ಅವನೇ ಮೊದಲು ಮಾಡಿದ ಅಂದ್ರ, ಅದನ್ನು ಮಾಡಲು ಬೇಕಾದ ಸಾಮಾನು ಯಾವುದು? ಹಿಂಗ ಹಿಂದಕ್ಕೆ ಹೋದರೆ ಕೊನೆಯೇ ಇಲ್ಲ. ಸಾಮಾನು ತಾನಾಗಿಯೇ ಇತ್ತು ಅಂದ್ರ, ಜಗತ್ತೂ ತಾನಾಗಿಯೇ ಇರಬಹುದಲ್ಲ, ಗೌಂಡಿ ಯಾಕ? ಕೈ ಕಾಲು ಇಲ್ಲದ, ರೂಪವಿಲ್ಲದ ಒಬ್ಬ ರೂಪವಿರುವ ವಸ್ತುವನ್ನು ಹ್ಯಾಂಗ ತಿದ್ದಿದ? ಇನ್ನು ಯಾಕ ಮಾಡಿದ ಅನ್ನೋದು. ಏನೂ ಕೊರತೆ ಇಲ್ಲದವನಿಗೆ ಮಾಡುವ ಆಸೆ ಹುಟ್ಟುವುದಿಲ್ಲ. ಆಟಕ್ಕೆ ಮಾಡಿದ ಅಂದ್ರ ಅದು ಮಕ್ಕಳ ಕೆಲಸ ಆಯಿತು. ಕರುಣೆಯಿಂದ ಮಾಡಿದ ಅಂದ್ರ ಇಷ್ಟು ದುಃಖ ಯಾಕಿಟ್ಟ? ಅವರವರ ಕರ್ಮದ ಪ್ರಕಾರ ಕೊಟ್ಟ ಅಂದ್ರ, ಕೆಲಸ ಮಾಡಿದ್ದು ಕರ್ಮ ಆಯಿತು, ಅವನಲ್ಲ. ಇಷ್ಟೆಲ್ಲಾ ಕೇಳಿ ಜಿನಸೇನರು ಕೊಡುವ ತೀರ್ಪು: ಕಾಲದ ಹಾಗೆ ಲೋಕಕ್ಕೂ ಆದಿ ಅಂತ್ಯ ಇಲ್ಲ, ಅದನ್ನು ಯಾರೂ ಮಾಡಿಲ್ಲ.

ಇದು ಧರ್ಮ ಬಿಟ್ಟವನ ಮಾತಲ್ಲ ಎಂಬುದನ್ನು ಮರೆಯಬಾರದು. ಜಿನಸೇನರು ಸರ್ವಸ್ವ ತ್ಯಜಿಸಿದ ಮುನಿ. ಜೈನರು ಜಿನನಿಗೆ ಕೈ ಮುಗಿಯುವುದು ಅವನು ತನ್ನನ್ನು ತಾನು ಗೆದ್ದ ಎಂಬುದಕ್ಕೆ, ಜಗತ್ತು ಮಾಡಿದ ಎಂಬುದಕ್ಕೆ ಅಲ್ಲ. ರಾಷ್ಟ್ರಕೂಟರ ಮನೆತನವೂ ಒಂದೇ ಬಣ್ಣದ್ದಾಗಿರಲಿಲ್ಲ. ಎಲ್ಲೋರದಲ್ಲಿ ಶಿವನಿಗಾಗಿ ಕೈಲಾಸ ದೇವಾಲಯವನ್ನು ಬೆಟ್ಟದಲ್ಲೇ ಕೊರೆಸಿದವರು ಇದೇ ಮನೆತನದವರು. ಜಿನಸೇನರ ಭಕ್ತನಾದ ಅಮೋಘವರ್ಷನೇ ನಾಡಿಗೆ ಬಂದ ಕೇಡು ಕಳೆಯಲೆಂದು ತನ್ನ ಬೆರಳು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದ ಎಂದು 871ರ ಸಂಜಾನ ತಾಮ್ರಶಾಸನ ಹೇಳುತ್ತದೆ. ಸೃಷ್ಟಿಕರ್ತ ಇಲ್ಲ ಎನ್ನುವ ಗುರು, ದೇವಿಗೆ ಬೆರಳು ಕೊಡುವ ಶಿಷ್ಯ. ಇಬ್ಬರೂ ಒಂದೇ ರಾಜ್ಯದಲ್ಲಿ ಬಾಳಿದರು.

ಎದುರು ವಾದವೂ ಅಷ್ಟೇ ಗಟ್ಟಿಯಾಗಿತ್ತು. ಗಡಿಗೆ ಇದ್ದರೆ ಕುಂಬಾರ ಇರಲೇಬೇಕು, ಹಾಗೆ ಜಗತ್ತೆಂಬ ಕಾರ್ಯಕ್ಕೆ ಒಬ್ಬ ಕರ್ತ ಇರಲೇಬೇಕು ಎಂಬುದು ನ್ಯಾಯಶಾಸ್ತ್ರದವರ ನಿಲುವು. ಉದಯನಾಚಾರ್ಯರು ನ್ಯಾಯಕುಸುಮಾಂಜಲಿ ಬರೆದದ್ದೇ ಈಶ್ವರನನ್ನು ತರ್ಕದಿಂದ ಸ್ಥಾಪಿಸಲು. ಅವರಿಗಿಂತ ಹಿಂದೆ, ವೇದವನ್ನೇ ಪ್ರಮಾಣವೆಂದು ನಂಬಿದ ಮೀಮಾಂಸಕ ಕುಮಾರಿಲಭಟ್ಟರು ಸೃಷ್ಟಿಕರ್ತನನ್ನು ಒಪ್ಪಿರಲಿಲ್ಲ! ಇನ್ನು ಮಳಖೇಡಕ್ಕೆ ಇವತ್ತು ಭಕ್ತರು ಹೋಗುವುದು ಟೀಕಾಚಾರ್ಯರೆಂದು ಹೆಸರಾದ ಜಯತೀರ್ಥರ ದರ್ಶನಕ್ಕೆ. ಅವರ ದ್ವೈತ ಮತದಲ್ಲಿ ಹರಿಯೇ ಜಗತ್ತಿಗೆ ನಿಮಿತ್ತಕಾರಣ, ಪ್ರಕೃತಿ ಎಂಬುದು ಅವನ ಅಧೀನದಲ್ಲಿ ಅನಾದಿಯಿಂದ ಇರುವ ಸಾಮಾನು. ಸಾಮಾನು ಎಲ್ಲಿಂದ ಬಂತು ಎಂಬ ಜಿನಸೇನರ ಪ್ರಶ್ನೆಗೆ ಇದೊಂದು ನೇರ ಉತ್ತರ. ಹೀಗೆ ಕರ್ತಾರನಿಲ್ಲ ಎಂದ ಮುನಿಯ ಹೆಸರೂ, ಕರ್ತಾರನಿದ್ದಾನೆ ಎಂದ ಯತಿಯ ಹೆಸರೂ ಒಂದೇ ಊರಿಗೆ ಸೇರಿಕೊಂಡಿವೆ. ಅಂದಮೇಲೆ "ನಮ್ಮ ಗ್ರಂಥದಾಗ ಬರೆದಾರ" ಎನ್ನುವವರನ್ನು ಕೇಳಬೇಕು, ಯಾವ ಗ್ರಂಥದಾಗ, ಯಾರ ಪಕ್ಷದಾಗ?

ಜಿನಸೇನರ ಈ ವಾದ ದೂರ ದೇಶಕ್ಕೂ ಮುಟ್ಟಿತು. ಅಮೆರಿಕದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ 1980ರಲ್ಲಿ ತಂದ ಕಾಸ್ಮಾಸ್ ಪುಸ್ತಕದಲ್ಲಿ ವಿಶ್ವದ ಹುಟ್ಟಿನ ಅಧ್ಯಾಯದ ತಲೆಗೆ ಮಹಾಪುರಾಣದ ಮಾತನ್ನೇ ಇಟ್ಟ. ಇದಕ್ಕೆ ಹೆಮ್ಮೆ ಪಡೋಣ. ಆದರೆ ಜಿನಸೇನರಿಗೆ ಇಂದಿನ ವಿಜ್ಞಾನ ಗೊತ್ತಿತ್ತು ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಅವರು ಲೋಕಕ್ಕೆ ಆದಿ ಇಲ್ಲ ಎಂದರು. ಇಂದಿನ ವಿಜ್ಞಾನ ಹೇಳುವುದು, ನಾವು ಕಾಣುವ ವಿಶ್ವ ಸುಮಾರು 1380 ಕೋಟಿ ವರ್ಷಗಳ ಹಿಂದೆ ವಿಪರೀತ ಬಿಸಿಯಾದ, ಒತ್ತೊತ್ತಾದ ಸ್ಥಿತಿಯಿಂದ ಹಿಗ್ಗುತ್ತಾ ಬಂದಿದೆ ಎಂದು. ಎರಡೂ ಒಂದಲ್ಲ. ಜಿನಸೇನರ ಆಯುಧ ತರ್ಕ ಮಾತ್ರ. ಅಳತೆ ಮಾಡಿ ನೋಡುವ ದಾರಿ ಬಂದದ್ದು ಬಹಳ ಆಮೇಲೆ.

ಅಳತೆಯ ದಾರಿಯಲ್ಲೂ ದೇವರನ್ನು ನಡುವೆ ತಂದವರು ಇದ್ದರು. ಗ್ರಹಗಳ ಚಲನೆಗೆ ನಿಯಮ ಕೊಟ್ಟ ನ್ಯೂಟನ್ನನಿಗೆ ಒಂದು ಚಿಂತೆ ಇತ್ತು. ಗ್ರಹಗಳು ಒಂದನ್ನೊಂದು ಎಳೆಯುತ್ತಾ ದಾರಿ ತಪ್ಪುತ್ತವೆ, ಆಗಾಗ ದೇವರೇ ಕೈ ಹಾಕಿ ಸರಿಪಡಿಸಬೇಕಾದೀತು ಅಂತ ತಿಳಿದ. 1785ರ ಹೊತ್ತಿಗೆ ಫ್ರಾನ್ಸಿನ ಲಾಪ್ಲಾಸ್ ಲೆಕ್ಕ ಹಾಕಿ, ಗುರು ಶನಿಗಳ ಓಟದ ಏರುಪೇರು ಸುಮಾರು 900 ವರ್ಷಕ್ಕೊಮ್ಮೆ ತಾನೇ ಸರಿಹೋಗುತ್ತದೆ ಎಂದು ತೋರಿಸಿದ. ದೇವರಿಗೆಂದು ನ್ಯೂಟನ್ ಇಟ್ಟಿದ್ದ ಜಾಗ ಒಂದು ಲೆಕ್ಕದಿಂದ ಹೋಯಿತು. ಇದರಲ್ಲಿ ನಷ್ಟ ಯಾರಿಗೆ? ವಿಜ್ಞಾನಕ್ಕಂತೂ ಅಲ್ಲ. ಗೊತ್ತಿಲ್ಲದ ಕಡೆಯಲ್ಲೆಲ್ಲಾ ದೇವರನ್ನು ಕೂರಿಸಿದರೆ, ಗೊತ್ತಾದ ಹಾಗೆಲ್ಲಾ ಅವನನ್ನು ಎಬ್ಬಿಸಬೇಕಾಗುತ್ತದೆ. ಭಕ್ತರು ತಮ್ಮ ದೇವರಿಗೆ ಇಂಥಾ ಅವಮಾನ ಯಾಕ ಮಾಡಬೇಕು?

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಒಬ್ಬ ಪಾದ್ರಿ. ಬೆಲ್ಜಿಯಂ ದೇಶದ ಜಾರ್ಜ್ ಲೆಮೈತ್ರ್ ಕ್ಯಾಥೊಲಿಕ್ ಪಾದ್ರಿಯೂ ಹೌದು, ಭೌತವಿಜ್ಞಾನಿಯೂ ಹೌದು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದರು. 1931ರಲ್ಲಿ ಇನ್ನೂ ಮುಂದೆ ಹೋಗಿ, ಎಲ್ಲವೂ ಒಂದು ಆದಿಪರಮಾಣುವಿನಿಂದ ಹೊರಟಿರಬೇಕೆಂದರು. ಇವತ್ತು ಮಹಾಸ್ಫೋಟ ಅಂತ ಕರೆಯುವ ಸಿದ್ಧಾಂತದ ಮೊಳಕೆ ಅದು. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಈ ವಿಜ್ಞಾನವನ್ನು ಸೃಷ್ಟಿಗೆ ಸಾಕ್ಷಿ ಎನ್ನುವಂತೆ ಭಾಷಣ ಮಾಡಿದರು. ಲೆಮೈತ್ರರಿಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಯ ಹೊರಗೇ ನಿಲ್ಲುತ್ತದೆ, ಆಸ್ತಿಕ ನಾಸ್ತಿಕ ಇಬ್ಬರಿಗೂ ಅದು ಒಂದೇ ಎಂಬುದು ಅವರ ನಿಲುವು. ಆಗ ಆ ಸಿದ್ಧಾಂತ ಇನ್ನೂ ಗೆದ್ದಿರಲಿಲ್ಲ. ವಿಶ್ವಕ್ಕೆ ಆದಿಯೇ ಇಲ್ಲ ಎನ್ನುವ ಹಾಯ್ಲ್, ಬಾಂಡಿ, ಗೋಲ್ಡ್ ಅವರ ಸಿದ್ಧಾಂತ 1948ರಲ್ಲಿ ಬಂದಿತ್ತು. ನಮ್ಮ ಜಯಂತ ನಾರಳೀಕರರೂ ಮುಂದೆ ಹಾಯ್ಲ್ ಜೊತೆಗೂಡಿ ಕೆಲಸ ಮಾಡಿದರು. ತೂಕ ತಪ್ಪಿಸಿದ್ದು ಯಾವ ಪೀಠದ ಮಾತೂ ಅಲ್ಲ. 1964ರಲ್ಲಿ ಪೆಂಜಿಯಾಸ್, ವಿಲ್ಸನ್ ಎಂಬಿಬ್ಬರು ಆಂಟೆನಾದಲ್ಲಿ ಹಿಡಿದ, ಆಕಾಶದ ಎಲ್ಲಾ ದಿಕ್ಕಿನಿಂದ ಬರುವ ಸಣ್ಣ ಗುಯ್‌ಗುಟ್ಟುವಿಕೆ. ಅದು ಆ ಹಳೆಯ ಬಿಸಿಯ ಉಳಿಕೆ ಎಂದು ಗೊತ್ತಾಯಿತು.

ಇದೇ ಮಾತನ್ನು ನಮ್ಮ ಕಾಲ ಕೆಳಗಿನ ಕಲ್ಲಿಗೆ ಹಚ್ಚಿ ನೋಡ್ರಿ. ತಾಂಡೂರಿನ ಖಣಿಗಳಲ್ಲಿ ಪದರು ಪದರಾಗಿ ಏಳುವ ಪರಸಿ ಕಲ್ಲು, ಕರಣಕೋಟದ ಸಿಮೆಂಟಿಗೆ ಹೋಗುವ ಸುಣ್ಣದ ಕಲ್ಲು, ಇವೆಲ್ಲ ಒಂದು ಕಾಲಕ್ಕೆ ಸಮುದ್ರದ ತಳದಲ್ಲಿ ಕೂತ ಕೆಸರು. ಅದಕ್ಕೆ ಕನಿಷ್ಠ 50 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಭೂಮಿಗೆ ಸುಮಾರು 454 ಕೋಟಿ. "ದೇವರು ಕಲ್ಲು ಮಾಡಿದ" ಅಂತ ಹೇಳಿ ಬಿಟ್ಟಿದ್ದರೆ ಇಲ್ಲಿ ಸಮುದ್ರ ಇತ್ತು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಆ ಉತ್ತರ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ಕರಿಕಲ್ಲಿಗೂ ಸರಿ, ಪರಸಿಗೂ ಸರಿ, ಕೆಂಪು ಮಣ್ಣಿಗೂ ಸರಿ. ಎಲ್ಲದಕ್ಕೂ ಸಮನಾಗಿ ಹೊಂದುವ ಉತ್ತರ ಒಂದಕ್ಕೂ ಇನ್ನೊಂದಕ್ಕೂ ಇರುವ ಫರಕು ಹೇಳುವುದಿಲ್ಲ. ವಿಜ್ಞಾನಕ್ಕೆ ಬೇಕಾದದ್ದು ಆ ಫರಕು.

ಕಾರ್ಖಾನೆಯಲ್ಲಿ ದುಡಿಯುವವರಿಗೆ ಇದು ಹೊಸದಾಗಿ ಹೇಳಬೇಕಾದ ಮಾತಲ್ಲ. ಸಿಮೆಂಟಿನ ಭಟ್ಟಿ ಸುಮಾರು 1450 ಡಿಗ್ರಿ ಕಾಯಬೇಕು. ಕಾವು ಇಳಿದರೆ ಏನು ಕೆಟ್ಟಿದೆ ಅಂತ ಹುಡುಕುತ್ತಾರೆ, ಕಾರಣ ಬರೆದಿಡುತ್ತಾರೆ. ಆ ಪುಸ್ತಕದಲ್ಲಿ "ದೈವೇಚ್ಛೆ" ಅಂತ ಯಾರೂ ಬರೆಯುವುದಿಲ್ಲ. ಅದೇ ಜನ ದಸರೆಗೆ ಮಷೀನಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಕೈ ಮುಗಿಯುತ್ತಾರೆ. ಪೂಜೆಯಿಂದ ಲೆಕ್ಕ ಕೆಡಲಿಲ್ಲ, ಲೆಕ್ಕದಿಂದ ಪೂಜೆ ಕೆಡಲಿಲ್ಲ. ವಿಶ್ವದ ಹುಟ್ಟಿನ ಲೆಕ್ಕವೂ ಹಿಂಗೇ ನಡೆಯಬೇಕು. ಆ ಲೆಕ್ಕದ ಸಾಲಿನಲ್ಲಿ ದೇವರಿಗೆ ಜಾಗ ಇಲ್ಲ, ಯಾಕಂದ್ರ ಅವನನ್ನು ಅಳೆಯುವ ಕೋಲು ನಮ್ಮ ಹತ್ತಿರ ಇಲ್ಲ. ಆ ಮೊದಲ ಬಿಸಿಗಿಂತ ಹಿಂದೆ ಏನಿತ್ತು, ಏನೂ ಇಲ್ಲದಿರುವ ಬದಲು ಏನಾದರೂ ಯಾಕಿದೆ, ಇವಕ್ಕೆ ವಿಜ್ಞಾನ ಇನ್ನೂ ಉತ್ತರ ಕೊಟ್ಟಿಲ್ಲ. ಅಲ್ಲಿಗೂ ಅವಸರದಿಂದ ದೇವರನ್ನು ತರುವುದು ಬೇಡ, ಅವಸರದಿಂದ ದೇವರಿಲ್ಲ ಅನ್ನುವುದೂ ಬೇಡ. ನಂಬುವವರು ನಂಬಲಿ, ಅದು ಅವರ ಬಾಳಿನ ಮಾತು. ಲೆಕ್ಕ ಮಾತ್ರ ತೆರೆದಿರಲಿ.

ಇಷ್ಟಕ್ಕೂ ಇದರಿಂದ ಹಳ್ಳಿಗೆ ಆಗಬೇಕಾದ್ದೇನು ಅಂತ ಕೇಳಬಹುದು. ಆಗಬೇಕಾದ್ದು ದೊಡ್ಡದದ. ಪ್ರಶ್ನೆ ಕೇಳಿದ ಮಗುವಿಗೆ ನಾಸ್ತಿಕ ಅಂತ ಹಣೆಪಟ್ಟಿ ಕಟ್ಟಿದರೆ ಅದು ಓದನ್ನಾದರೂ ಬಿಡುತ್ತದೆ, ಮನೆಯವರ ಜೊತೆ ಮಾತನ್ನಾದರೂ ಬಿಡುತ್ತದೆ. ಎರಡೂ ನಮಗೇ ನಷ್ಟ. ಸಾವಿರದ ನೂರು ವರ್ಷದ ಹಿಂದೆ ಇದೇ ಹೊಳೆಯ ದಂಡೆಯ ದೊರೆ, "ದೇವರು ಜಗತ್ತು ಮಾಡುವಾಗ ಎಲ್ಲಿ ನಿಂತಿದ್ದ?" ಅಂತ ಕೇಳಿದವರ ಕಾಲಿಗೆ ಬಿದ್ದ. ಅಂಥಾ ಪ್ರಶ್ನೆ ನಮ್ಮ ಮನೆ ಮಗಳು ಕೇಳಿದರೆ, ಕೂಡ್ರಿಸಿಕೊಂಡು ಜಿನಸೇನರು ಏನಂದರು, ಉದಯನರು ಏನಂದರು, ಲೆಮೈತ್ರರು ಏನಂದರು ಅಂತ ಹೇಳೋಣ. ಆಮೇಲೆ ನಿನಗೇನು ಅನಸ್ತದ ಅಂತ ಅವಳನ್ನೇ ಕೇಳೋಣ.