ಕೊಲೊನೋಸ್ಕೋಪಿಯ ತೊಡಕುಗಳು

ಕ್ಯಾಮೆರಾ ಅಳವಡಿಸಿದ ಬಳುಕುವ ನಳಿಕೆಯನ್ನು ಗುದದ್ವಾರದ ಮೂಲಕ ಒಳಸೇರಿಸಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆಗೆ ಕೊಲೊನೋಸ್ಕೋಪಿ ಎನ್ನುತ್ತಾರೆ. ಕ್ಯಾನ್ಸರ್, ಉರಿಯೂತ, ರಕ್ತಸ್ರಾವಗಳ ಕಾರಣವನ್ನು ತಿಳಿಯಲು ಹಾಗೂ ಪಾಲಿಪ್ ಎಂಬ ಗಂಟುಗಳನ್ನು ತೆಗೆಯಲು ಇದನ್ನು ಬಳಸುತ್ತಾರೆ. ಇದರಿಂದ ಗಂಭೀರ ತೊಡಕುಗಳು ಉಂಟಾಗುವುದು ವಿರಳ. ಆದರೆ ಕೆಲವು ತೊಡಕುಗಳು ರೋಗಿಯು ಮನೆಗೆ ಮರಳಿದ ಮೇಲೆ ಕಾಣಿಸಿಕೊಳ್ಳುತ್ತವೆ.

ಪ್ರಮುಖ ತೊಡಕುಗಳು

ಕರುಳಿನಲ್ಲಿ ರಂಧ್ರ: ನಳಿಕೆಯ ಒತ್ತಡ, ಒಳಗೆ ತುಂಬುವ ಗಾಳಿ ಅಥವಾ ಪಾಲಿಪ್ ತೆಗೆಯಲು ಬಳಸುವ ವಿದ್ಯುತ್ತಿನ ಶಾಖದಿಂದ ಕರುಳಿನ ಗೋಡೆ ತೂತಾಗಬಹುದು. ಸಾಮಾನ್ಯ ಪರೀಕ್ಷೆಯಲ್ಲಿ ಇದರ ಪ್ರಮಾಣ 1,000ಕ್ಕೆ ಒಂದಕ್ಕಿಂತ ಕಡಿಮೆ. ಪಾಲಿಪ್ ತೆಗೆದಾಗ ಅಪಾಯ ಹೆಚ್ಚು. ಮಲ ಉದರಕ್ಕೆ ಸೋರಿದರೆ ಸೋಂಕು ಹರಡುವುದರಿಂದ ತುರ್ತು ಶಸ್ತ್ರಚಿಕಿತ್ಸೆ ಬೇಕಾಗಬಹುದು.

ರಕ್ತಸ್ರಾವ: ಪಾಲಿಪ್ ತೆಗೆದ ಜಾಗದಿಂದ ತಕ್ಷಣವೇ ಅಥವಾ ಸುಮಾರು ಎರಡು ವಾರಗಳೊಳಗೆ ರಕ್ತ ಹರಿಯಬಹುದು. ಹೆಚ್ಚಿನ ಸಂದರ್ಭಗಳಲ್ಲಿ ನಳಿಕೆಯ ಮೂಲಕವೇ ಕ್ಲಿಪ್ ಹಾಕಿ ಅದನ್ನು ನಿಲ್ಲಿಸಬಹುದು.

ಸುಟ್ಟ ಗಾಯ: ಶಾಖದಿಂದ ಗೋಡೆ ಸುಟ್ಟರೆ ರಂಧ್ರವಿಲ್ಲದೆಯೂ ಜ್ವರ ಮತ್ತು ಹೊಟ್ಟೆನೋವು ಬರಬಹುದು.

ಗುಲ್ಮದ ಗಾಯ: ಇದು ಅತಿ ವಿರಳ. 1974ರಲ್ಲಿ ವೈದ್ಯಕೀಯ ಸಾಹಿತ್ಯದಲ್ಲಿ ಮೊದಲು ವರದಿಯಾಯಿತು. ಕರುಳಿಗೂ ಗುಲ್ಮಕ್ಕೂ ನಡುವಿನ ಪೊರೆ ಜಗ್ಗಿದಾಗ ಗುಲ್ಮ ಹರಿಯಬಹುದು. ಎಡಹೊಟ್ಟೆ ಮತ್ತು ಎಡಭುಜದ ನೋವು ಇದರ ಸೂಚನೆ.

ಪೂರ್ವಸಿದ್ಧತೆ

ನಾರಿನಂಶ ಹೆಚ್ಚಿರುವ ಜೋಳದ ರೊಟ್ಟಿ, ಕಾಳು, ಸೊಪ್ಪುಗಳನ್ನು ಪರೀಕ್ಷೆಗೆ ಮುನ್ನ ಬಿಡುವಂತೆ ಹೇಳಲಾಗುತ್ತದೆ. ಕರುಳು ಶುದ್ಧಿಯ ಔಷಧಿಯಿಂದ ನೀರು ಮತ್ತು ಲವಣಗಳು ನಷ್ಟವಾಗುತ್ತವೆ. ಕಲಬುರಗಿಯಂತೆ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಪ್ರದೇಶಗಳಲ್ಲಿ ವೃದ್ಧರು, ಮೂತ್ರಪಿಂಡದ ರೋಗಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ರಕ್ತ ತೆಳುವಾಗಿಸುವ ಔಷಧಿ ಮತ್ತು ಮಧುಮೇಹದ ಔಷಧಿಗಳ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು, ತಾವಾಗಿ ನಿಲ್ಲಿಸಬಾರದು.

ಮನೆಗೆ ಮರಳಿದ ನಂತರ

ಪರೀಕ್ಷೆಯ ದಿನವೇ ರೋಗಿಗಳು ಸಾಮಾನ್ಯವಾಗಿ ಊರಿಗೆ ಮರಳುತ್ತಾರೆ. ಕೆಂಪು ಬಾಳೆಗೆ ಹೆಸರಾದ ತಾಲ್ಲೂಕು ಕೇಂದ್ರ ಕಮಲಾಪುರ, ಕಲಬುರಗಿ ನಗರದಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರದಲ್ಲಿದೆ. ಅಲ್ಲಿಗೆ ಮರಳುವ ರೋಗಿಗೆ ರಾತ್ರಿ ತೊಂದರೆಯಾದರೆ ಈ ಅಂತರವೂ ಚಿಕಿತ್ಸೆಯ ವಿಳಂಬಕ್ಕೆ ಕಾರಣವಾಗುತ್ತದೆ. ಆದ್ದರಿಂದ ಆಸ್ಪತ್ರೆಯ ದೂರವಾಣಿ ಸಂಖ್ಯೆ ಮತ್ತು ಪರೀಕ್ಷೆಯ ವರದಿ ರೋಗಿಯ ಬಳಿ ಇರಬೇಕು. ಮಂಪರಿನ ಔಷಧಿ ಪಡೆದವರು 24 ಗಂಟೆ ವಾಹನ ಓಡಿಸಬಾರದು, ಜೊತೆಗೊಬ್ಬರು ಇರಬೇಕು.

ವಾಯು ಹೋದ ಬಳಿಕ ಕಡಿಮೆಯಾಗುವ ಹೊಟ್ಟೆಯುಬ್ಬರ ಸಾಮಾನ್ಯ. ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಗಟ್ಟಿಯಾದ ಹೊಟ್ಟೆ, ಜ್ವರ, ಪದೇಪದೇ ರಕ್ತ ಅಥವಾ ಕಪ್ಪು ಮಲ, ತಲೆಸುತ್ತು, ಉಸಿರಾಟದ ತೊಂದರೆ ಕಂಡರೆ ಬೆಳಗಿನವರೆಗೆ ಕಾಯದೆ 108 ಆಂಬುಲೆನ್ಸ್ ಕರೆಯಬೇಕು ಮತ್ತು ಕೊಲೊನೋಸ್ಕೋಪಿ ಆಗಿರುವುದನ್ನು ವೈದ್ಯರಿಗೆ ಮೊದಲು ಹೇಳಬೇಕು.