ಮೆಸೇಜಿಂಗ್ ಆ್ಯಪ್: ಎಲ್ಲರಿಗೂ ನಿಲುಕುವ ಆಯ್ಕೆ

ಕುಟುಂಬ, ಶಾಲೆ, ಸ್ವಸಹಾಯ ಸಂಘ, ಅಪಾರ್ಟ್‌ಮೆಂಟ್, ಕಚೇರಿ ಮೊದಲಾದ ಯಾವುದೇ ಗುಂಪು ತನ್ನ ದಿನನಿತ್ಯದ ಮಾತುಕತೆಗೆ ಮೊಬೈಲಿನ ಯಾವ ಸಂದೇಶ ಸೇವೆಯನ್ನು ಬಳಸಬೇಕೆಂದು ಮಾಡುವ ತೀರ್ಮಾನವೇ ಮೆಸೇಜಿಂಗ್ ಆ್ಯಪ್‌ನ ಆಯ್ಕೆ. ಇಂಟರ್ನೆಟ್ ಮೂಲಕ ಬರಹ, ಧ್ವನಿ, ಚಿತ್ರ, ಕರೆಗಳನ್ನು ಸಾಗಿಸುವ ವಾಟ್ಸ್‌ಆ್ಯಪ್, ಟೆಲಿಗ್ರಾಂ, ಸಿಗ್ನಲ್, ಐಮೆಸೇಜ್, ವೀಚಾಟ್, ಅರಟ್ಟೈ ಇವೆಲ್ಲ ಈ ಬಗೆಯ ಸೇವೆಗಳು. ವಾಸ್ತವದಲ್ಲಿ ಈ ತೀರ್ಮಾನವನ್ನು ಯಾರೂ ಕೂತು ಮಾಡುವುದಿಲ್ಲ. ಹೆಚ್ಚು ಮಂದಿ ಯಾವುದರಲ್ಲಿದ್ದಾರೋ ಅದೇ ಗುಂಪಿನ ಆ್ಯಪ್ ಆಗಿಬಿಡುತ್ತದೆ. ಬಹುಮತಕ್ಕೆ ಸಿಗುವುದು ಎಲ್ಲರಿಗೂ ಸಿಗುತ್ತದೆಯೆಂದು ಹೇಳಲಾಗದು. ಗ್ರೂಪಿಗೆ ಸೇರಲಾಗದವರು ತಮ್ಮ ತೊಂದರೆ ಹೇಳಿಕೊಳ್ಳಲು ಆ ಗ್ರೂಪಿನಲ್ಲೇ ಇರುವುದಿಲ್ಲ. ಹಾಗಾಗಿ ಒಳಗಿದ್ದವರಿಗೆ ಎಲ್ಲರೂ ಬಂದಿರುವಂತೆಯೇ ಕಾಣುತ್ತದೆ. ಈ ವಿಷಯದ ಕಷ್ಟವೆಲ್ಲ ಇಲ್ಲೇ ಇದೆ.

ಎಸ್‌ಎಂಎಸ್

ಎಲ್ಲರಿಗೂ ನಿಲುಕುವ ಸಂದೇಶಕ್ಕೆ ಇಂದಿಗೂ ಅಳತೆಗೋಲು ಎಸ್‌ಎಂಎಸ್. 1992ರ ಡಿಸೆಂಬರ್ 3ರಂದು ಬ್ರಿಟನ್ನಿನ ಎಂಜಿನಿಯರ್ ನೀಲ್ ಪ್ಯಾಪ್‌ವರ್ತ್ ವೊಡಾಫೋನ್ ಜಾಲದಲ್ಲಿ ಕಂಪ್ಯೂಟರಿನಿಂದ ಕಳಿಸಿದ ಕ್ರಿಸ್‌ಮಸ್ ಶುಭಾಶಯವೇ ಮೊದಲ ಎಸ್‌ಎಂಎಸ್. ಮೊಬೈಲ್ ಜಾಲದ ಮಾನದಂಡದೊಳಗೇ ಅಡಕವಾಗಿರುವುದರಿಂದ ಇದಕ್ಕೆ ಆ್ಯಪ್ ಬೇಡ, ಡೇಟಾ ಪ್ಯಾಕ್ ಬೇಡ, ಖಾತೆ ತೆರೆಯುವುದೂ ಬೇಡ. ಜಿಯೋ ಸಿಮ್‌ನಿಂದ ಬಿಎಸ್‌ಎನ್‌ಎಲ್ ಸಿಮ್‌ಗೆ, ಐಫೋನಿನಿಂದ ಕೀಪ್ಯಾಡ್ ಸೆಟ್ಟಿಗೆ ತಡೆಯಿಲ್ಲದೆ ಹೋಗುತ್ತದೆ.

ಲಿಪಿಯ ವಿಷಯಕ್ಕೆ ಬಂದರೆ ಈ ಸಮಾನತೆಯಲ್ಲಿ ಬಿರುಕಿದೆ. ಒಂದು ಎಸ್‌ಎಂಎಸ್‌ನಲ್ಲಿ ಇರುವ ಜಾಗ 140 ಬೈಟ್. 7 ಬಿಟ್ ಸಂಕೇತದಲ್ಲಿ ಅಷ್ಟರೊಳಗೆ 160 ರೋಮನ್ ಅಕ್ಷರ ಹಿಡಿಯುತ್ತವೆ. ಕನ್ನಡಕ್ಕೆ ಯೂನಿಕೋಡ್‌ನ 16 ಬಿಟ್ ಬೇಕಾದ್ದರಿಂದ 70 ಸಂಕೇತಗಳಿಗೇ ಜಾಗ ಮುಗಿಯುತ್ತದೆ. ಅದರಲ್ಲೂ ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಲೆಕ್ಕ: ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ ಖರ್ಚಾಗುತ್ತದೆ. ಹಳೆಯ ಸೆಟ್ಟುಗಳಲ್ಲಿ ಕನ್ನಡ ಫಾಂಟ್ ಇಲ್ಲದೆ ಬರೀ ಚೌಕಗಳು ಕಾಣುತ್ತಿದ್ದುದೂ ಸೇರಿ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವ ರೂಢಿ ಬೇರೂರಿತು. ಕನ್ನಡ ಕೀಬೋರ್ಡ್ ಎಲ್ಲ ಸ್ಮಾರ್ಟ್‌ಫೋನ್‌ಗಳಿಗೂ ಬಂದ ಮೇಲೂ ಆ ರೂಢಿ ಹೋಗಿಲ್ಲ.

ಎಸ್‌ಎಂಎಸ್‌ನಲ್ಲಿ ಗ್ರೂಪ್ ಮಾತುಕತೆಗೆ ಅನುಕೂಲವಿಲ್ಲ, ಫೋಟೊ ಇಲ್ಲ, ಎರಡು ತುದಿಗಳ ನಡುವೆ ಬೇರಾರೂ ಓದದಂತೆ ಕಾಯುವ ಎನ್‌ಕ್ರಿಪ್ಷನ್ನೂ ಇಲ್ಲ. ಭಾರತದಲ್ಲಿ ಸಂಸ್ಥೆಗಳು ಸಾಮೂಹಿಕವಾಗಿ ಕಳಿಸಬೇಕೆಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2018ರ ನಿಯಮಾವಳಿಯಂತೆ ತಮ್ಮ ಹೆಸರನ್ನೂ ಸಂದೇಶದ ನಮೂನೆಯನ್ನೂ ಮೊದಲೇ ನೋಂದಾಯಿಸಬೇಕು. ಇಷ್ಟಾಗಿ ತಲುಪಿದ್ದು ಓಟಿಪಿ ಮತ್ತು ಸಾಲದ ಜಾಹೀರಾತುಗಳ ರಾಶಿಯಲ್ಲಿ ಹೂತುಹೋಗಿ ಯಾರ ಕಣ್ಣಿಗೂ ಬೀಳದಿರುವುದೂ ಉಂಟು.

ಆ್ಯಪ್‌ಗಳ ನಡುವಿನ ಗೋಡೆ

ಚಾಟ್ ಕೂಡ ಇಮೇಲ್‌ನ ಹಾಗೆ ಯಾವ ಕಂಪನಿಯಿಂದ ಯಾವ ಕಂಪನಿಗಾದರೂ ಹೋಗಬೇಕೆಂಬ ಪ್ರಯತ್ನ ಹಳೆಯದು. ಜೆರೆಮಿ ಮಿಲ್ಲರ್ 1999ರಲ್ಲಿ ಬಿಡುಗಡೆ ಮಾಡಿದ ಜಾಬರ್ ಮುಂದೆ ಎಕ್ಸ್‌ಎಂಪಿಪಿ ಎಂಬ ಮುಕ್ತ ಮಾನದಂಡವಾಯಿತು. 2005ರಲ್ಲಿ ಬಂದ ಗೂಗಲ್ ಟಾಕ್ ಅದನ್ನೇ ಬಳಸಿ ಹೊರಗಿನ ಸರ್ವರ್‌ಗಳ ಜೊತೆಗೂ ವ್ಯವಹರಿಸುತ್ತಿತ್ತು. 2013ರಲ್ಲಿ ಹ್ಯಾಂಗ್‌ಔಟ್ಸ್ ತಂದಾಗ ಗೂಗಲ್ ಆ ದಾರಿಯನ್ನು ಕೈಬಿಟ್ಟಿತು. 2009ರಲ್ಲಿ ಯಾನ್ ಕೂಮ್ ಮತ್ತು ಬ್ರಯಾನ್ ಆ್ಯಕ್ಟನ್ ಕಟ್ಟಿದ ವಾಟ್ಸ್‌ಆ್ಯಪ್ ಎಕ್ಸ್‌ಎಂಪಿಪಿಯನ್ನೇ ಬದಲಿಸಿ ತನ್ನೊಳಗೆ ಇಟ್ಟುಕೊಂಡಿತ್ತು, ಆದರೆ ಹೊರಗಿನವರಿಗೆ ಬಾಗಿಲು ಇಡಲಿಲ್ಲ. ಅಂದರೆ ಇಲ್ಲಿ ತಂತ್ರಜ್ಞಾನದ ಅಡ್ಡಿಗಿಂತ ವ್ಯಾಪಾರದ ಲೆಕ್ಕ ದೊಡ್ಡದು. ಜನರ ನಂಟಿನ ಜಾಲವೇ ಕಂಪನಿಯ ಆಸ್ತಿ. ಕೆಲವೇ ಡಜನ್ ಎಂಜಿನಿಯರ್‌ಗಳಿದ್ದ ಸಂಸ್ಥೆಗೆ 2014ರ ಫೆಬ್ರವರಿಯಲ್ಲಿ ಫೇಸ್‌ಬುಕ್ 1,900 ಕೋಟಿ ಡಾಲರ್ ಬೆಲೆ ಕಟ್ಟಿದ್ದು ಆ ಆಸ್ತಿಗಾಗಿ.

ಹೀಗೆ ಒಂದೊಂದು ದೇಶ ಒಂದೊಂದು ಆ್ಯಪ್‌ಗೆ ಒಗ್ಗಿಕೊಂಡಿತು. ಚೀನಾದಲ್ಲಿ ವೀಚಾಟ್, ದಕ್ಷಿಣ ಕೊರಿಯಾದಲ್ಲಿ ಕಕಾವೊಟಾಕ್, 2011ರ ಮಾರ್ಚ್ ಭೂಕಂಪದ ಬೆನ್ನಿಗೆ ಜಪಾನಿನಲ್ಲಿ ಲೈನ್. ಭಾರತದಲ್ಲಿ ಗೆದ್ದದ್ದು ವಾಟ್ಸ್‌ಆ್ಯಪ್. ಇಲ್ಲಿ ಅದರ ಬಳಕೆದಾರರು 50 ಕೋಟಿಗೂ ಮಿಗಿಲು. ಫೋನ್ ನಂಬರೇ ಗುರುತು, ಪಾಸ್‌ವರ್ಡ್ ನೆನಪಿಡಬೇಕಿಲ್ಲ, ನಿಧಾನದ ಜಾಲದಲ್ಲೂ ಓಡುತ್ತದೆ. 2013ರಲ್ಲಿ ಸೇರಿದ ವಾಯ್ಸ್ ಮೆಸೇಜ್ ಮತ್ತು 2016ರಲ್ಲಿ ಜಿಯೋ ತಂದ ಅಗ್ಗದ ಡೇಟಾ ಉಳಿದ ಕೆಲಸ ಮಾಡಿದವು.

ಇಂಥ ಆ್ಯಪ್ ಬಿಟ್ಟುಹೋಗುವುದು ಎಷ್ಟು ಕಷ್ಟವೆಂಬುದು 2021ರ ಜನವರಿಯಲ್ಲಿ ಕಂಡಿತು. ವಾಟ್ಸ್‌ಆ್ಯಪ್ ತನ್ನ ಖಾಸಗಿತನದ ನೀತಿ ಬದಲಿಸಿ, ಒಪ್ಪಲೇಬೇಕೆಂದಿತು. ಸಿಗ್ನಲ್ ಮತ್ತು ಟೆಲಿಗ್ರಾಂ ಡೌನ್‌ಲೋಡ್ ಒಮ್ಮೆಲೇ ಏರಿತು. ಆದರೆ ಸೊಸೆ ಸಿಗ್ನಲ್‌ಗೆ ಹೋದರೂ ಅತ್ತೆ, ನಾದಿನಿ, ಹಾಲಿನವರು, ಶಾಲೆಯ ಗ್ರೂಪ್ ಎಲ್ಲ ಹಳೆಯ ಜಾಗದಲ್ಲೇ ಇದ್ದರು. ಬಹಳ ಮಂದಿ ಎರಡನ್ನೂ ಇಟ್ಟುಕೊಂಡು ಕೊನೆಗೆ ಹಳೆಯದರಲ್ಲೇ ಉಳಿದರು. ಆ ನೀತಿಗೆ ಸಂಬಂಧಿಸಿ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ವಾಟ್ಸ್‌ಆ್ಯಪ್‌ನ ಮಾಲೀಕ ಕಂಪನಿ ಮೆಟಾಗೆ (ಹಿಂದಿನ ಫೇಸ್‌ಬುಕ್) 213.14 ಕೋಟಿ ರೂಪಾಯಿ ದಂಡ ವಿಧಿಸಿತು. ಅದೇ 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನ ಜಾಲ ಕುಸಿದು ವಾಟ್ಸ್‌ಆ್ಯಪ್ ಸುಮಾರು ಆರು ಗಂಟೆ ನಿಂತಾಗ, ಎಲ್ಲವನ್ನೂ ಒಂದೇ ಆ್ಯಪ್‌ಗೆ ಕಟ್ಟಿಹಾಕಿದವರಿಗೆ ಉಳಿದದ್ದು ಮಾಮೂಲಿ ಫೋನ್ ಕರೆ.

ಹೊರಗುಳಿಯುವವರು

ಮೊದಲ ಅಡ್ಡಿ ಸೆಟ್ಟಿನದು. 2018ರ ಸೆಪ್ಟೆಂಬರ್‌ನಲ್ಲಿ ಜಿಯೋಫೋನ್‌ಗೆ ವಾಟ್ಸ್‌ಆ್ಯಪ್ ಬಂದಾಗ ಗುಂಡಿ ಒತ್ತುವ ಫೋನ್ ಇದ್ದವರಿಗೂ ಗ್ರೂಪಿನಲ್ಲಿ ಜಾಗ ಸಿಕ್ಕಿತು. ಆ ಫೋನ್‌ಗಳ ಕಾಯ್‌ಓಎಸ್ ವ್ಯವಸ್ಥೆಗೆ ವಾಟ್ಸ್‌ಆ್ಯಪ್ 2024ರ ಮಧ್ಯದಲ್ಲಿ ಹೊಸ ಡೌನ್‌ಲೋಡ್ ನಿಲ್ಲಿಸಿತು; 2025ರ ಆರಂಭದ ಹೊತ್ತಿಗೆ ಇದ್ದವರಿಗೂ ಸೇವೆ ಮುಗಿಯಿತು. ಹಳೆಯ ಆಂಡ್ರಾಯ್ಡ್‌ಗಳಿಗೂ ಹೀಗೆಯೇ ಕಾಲಕಾಲಕ್ಕೆ ಬಾಗಿಲು ಮುಚ್ಚುತ್ತದೆ. ಸೆಟ್ ಕೆಟ್ಟಿರುವುದಿಲ್ಲ, ಆ್ಯಪ್ ಮಾತ್ರ ಬೇಡವೆನ್ನುತ್ತದೆ. ಗ್ರೂಪಿನ ಅಡ್ಮಿನ್‌ಗೆ ಇದು ಗೊತ್ತಾಗುವುದು, ಯಾರೋ ತಿಂಗಳಿಂದ ಉತ್ತರಿಸಿಲ್ಲವಲ್ಲ ಎಂದು ಹೊಳೆದಾಗ.

ಎರಡನೆಯದು ನಂಬರಿನದು. ವಾಟ್ಸ್‌ಆ್ಯಪ್, ಸಿಗ್ನಲ್, ಟೆಲಿಗ್ರಾಂ ಮೂರೂ ಖಾತೆ ತೆರೆಯಲು ಫೋನ್ ನಂಬರ್ ಕೇಳುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಇರುವ ಭಾರತೀಯ ಮಹಿಳೆಯರು ಶೇ 54 ಮಾತ್ರ. ಉಳಿದವರ ಸಂದೇಶ ಗಂಡನದೋ ಮಗನದೋ ಫೋನಿಗೆ ಬರುತ್ತದೆ. ಆಶಾ ಕಾರ್ಯಕರ್ತೆ ಗರ್ಭಿಣಿಗೆ ಕಳಿಸಿದ ಸೂಚನೆಯನ್ನು ಮನೆಯವರೆಲ್ಲ ಓದಿದ ಮೇಲೆ ಅವಳು ಓದಬೇಕು. ಸ್ವಂತ ಫೋನ್ ಇರುವವರಲ್ಲೂ ಅಪರಿಚಿತರಿರುವ ಗ್ರೂಪಿಗೆ ನಂಬರ್ ಕೊಡಲು ಹಿಂಜರಿಯುವವರಿದ್ದಾರೆ, ಆ ಹಿಂಜರಿಕೆಗೆ ಕಾರಣವೂ ಇದೆ. ಟೆಲಿಗ್ರಾಂನಲ್ಲಿ ನಂಬರ್ ಮರೆಮಾಡಬಹುದು. ಸಿಗ್ನಲ್ 2024ರ ಫೆಬ್ರವರಿಯಲ್ಲಿ ಯೂಸರ್‌ನೇಮ್ ತಂದು ಅದೇ ಅನುಕೂಲ ಕೊಟ್ಟಿತು.

ಮೂರನೆಯದು ಕಣ್ಣು, ಕಿವಿ, ಓದುಬರಹಗಳದು. ಇದು ಹೆಚ್ಚು ತೊಡಕಿನದು. ಅಂಧರು ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್, ಐಫೋನಿನ ವಾಯ್ಸ್‌ಓವರ್ ಎಂಬ ಪರದೆ ಓದುವ ತಂತ್ರಾಂಶಗಳಿಂದ ಸಂದೇಶ ಕೇಳುತ್ತಾರೆ. ಯೂನಿಕೋಡ್ ಕನ್ನಡವನ್ನು ಅವು ಓದಬಲ್ಲವು. ಇಂಗ್ಲಿಷ್ ಅಕ್ಷರದ ಕನ್ನಡವನ್ನು ಇಂಗ್ಲಿಷ್ ಧ್ವನಿಯಲ್ಲಿ ಓದಿ ಕಲಸುಮೇಲೋಗರ ಮಾಡುತ್ತವೆ. ಸಭೆಯ ನೋಟಿಸನ್ನು ಫೋಟೊ ತೆಗೆದು ಹಾಕಿದರೆ ‘ಚಿತ್ರ’ ಎಂದಷ್ಟೇ ಹೇಳಿ ಮುಂದೆ ಹೋಗುವುದುಂಟು. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟಿನ ಕಡತದಿಂದ ನಕಲಿಸಿ ಅಂಟಿಸಿದ್ದು ಯಾರಿಗೂ ಓದಲಾಗದು. ಇನ್ನು ವಾಯ್ಸ್ ಮೆಸೇಜ್, ಅಕ್ಷರ ಬಾರದ ಅಜ್ಜಿಗೆ ವರ, ಕಿವಿ ಕೇಳದ ಮೊಮ್ಮಗನಿಗೆ ಗೋಡೆ. ಅವನಿಗೆ ಸಂಜ್ಞಾಭಾಷೆಯಲ್ಲಿ ಮಾತಾಡಲು ವಿಡಿಯೊ ಕರೆ ಬೇಕು, ಅದಕ್ಕೆ ಒಳ್ಳೆಯ ಡೇಟಾ ಬೇಕು. ಆದ್ದರಿಂದ ‘ಅತ್ಯಂತ ಸುಲಭವಾದ ಆ್ಯಪ್’ ಎಂದು ಒಂದನ್ನು ತೋರಿಸುವುದು ಸಾಧ್ಯವಿಲ್ಲ. ಆ್ಯಪ್ ಯಾವುದೇ ಇರಲಿ, ಮುಖ್ಯ ಸುದ್ದಿಯನ್ನು ಧ್ವನಿಯಲ್ಲೂ ಟೈಪ್ ಮಾಡಿದ ಕನ್ನಡದಲ್ಲೂ ಹಾಕುವ ಗ್ರೂಪ್ ಹೆಚ್ಚು ಜನರನ್ನು ಮುಟ್ಟುತ್ತದೆ.

ನಾಲ್ಕನೆಯದು ನೆಲದ ಕಾನೂನು. ಯುಎಇಯಲ್ಲಿ ವಾಟ್ಸ್‌ಆ್ಯಪ್ ಬರಹ ಓಡುತ್ತದೆ, ಕರೆಗೆ ತಡೆಯಿದೆ. ದುಬೈ, ಅಬುಧಾಬಿಯಲ್ಲಿ ದುಡಿಯುವ ಕರಾವಳಿಯ ಕನ್ನಡಿಗರ ಮನೆಗಳಲ್ಲಿ ಇದು ಎಲ್ಲರಿಗೂ ತಿಳಿದ ಸಂಗತಿ. ಅಲ್ಲಿ ಪರವಾನಗಿ ಪಡೆದ ಬೋಟಿಮ್‌ನಂಥ ಆ್ಯಪನ್ನು ಊರಿನ ತಾಯಿಯ ಫೋನಿಗೂ ಹಾಕಿಸಬೇಕು. ಚೀನಾದಲ್ಲಿ ವಾಟ್ಸ್‌ಆ್ಯಪ್‌ಗೆ ತಡೆ, ಭಾರತದಲ್ಲಿ ವೀಚಾಟ್‌ಗೆ 2020ರ ಜೂನ್‌ನಿಂದ ನಿಷೇಧ. ಇಬ್ಬದಿಯ ಬೇಲಿಗೆ ಸಿಕ್ಕಿದ ವಿದ್ಯಾರ್ಥಿ ಮತ್ತು ವ್ಯಾಪಾರಿಗಳಿಗೆ ಇಮೇಲ್ ಮತ್ತೆ ನೆನಪಾಯಿತು. 2023ರ ಮೇ ತಿಂಗಳಲ್ಲಿ ಭಾರತ ಸರ್ಕಾರ ತಡೆದ 14 ಆ್ಯಪ್‌ಗಳಲ್ಲಿ ಎಲಿಮೆಂಟ್, ಬ್ರಯರ್, ಥ್ರೀಮಾ ಸೇರಿದ್ದವು. ಫೋನ್ ನಂಬರ್ ಕೇಳದೆ ಖಾತೆ ಕೊಡುವ ಅಪರೂಪದ ಆ್ಯಪ್‌ಗಳಲ್ಲಿ ಇವೂ ಸೇರಿವೆ ಎಂಬುದನ್ನು ಗಮನಿಸಬೇಕು. ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ಇನ್ನೊಂದು ನಿರ್ದೇಶನ ಹೊರಡಿಸಿ, ನೋಂದಾಯಿಸಿದ ಸಿಮ್ ಫೋನಿನಲ್ಲಿದ್ದರೆ ಮಾತ್ರ ಆ್ಯಪ್ ನಡೆಯಬೇಕೆಂದಿತು.

ಸುಲಭವಾಗಿ ಎಲ್ಲರನ್ನೂ ತಲುಪುವುದಕ್ಕೆ ಇನ್ನೊಂದು ಮುಖವೂ ಇದೆ. ಮಕ್ಕಳ ಕಳ್ಳರ ವದಂತಿ ಫಾರ್ವರ್ಡ್ ಆಗುತ್ತಲೇ 2018ರ ಜುಲೈನಲ್ಲಿ ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಗುಂಪೊಂದು ಹೈದರಾಬಾದಿನ ಯುವಕನನ್ನು ಹೊಡೆದು ಕೊಂದಿತು. ದೇಶದ ಹಲವೆಡೆ ಇಂಥ ಕೊಲೆಗಳಾದ ಬಳಿಕ, ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದು ಚಾಟ್‌ಗಳಿಗೆ ಇಳಿಸಿತು.

ಕರ್ನಾಟಕದ ಶಾಲೆಗಳ ಉದಾಹರಣೆ

ಒಂದೇ ಆ್ಯಪ್ ನೆಚ್ಚಿಕೊಂಡಾಗ ಏನಾಗುತ್ತದೆಂಬುದಕ್ಕೆ ಕೋವಿಡ್ ಕಾಲದ ಸರ್ಕಾರಿ ಶಾಲೆಗಳು ಸಾಕ್ಷಿ. 2020ರಲ್ಲಿ ಶಾಲೆ ಮುಚ್ಚಿದಾಗ ಹಲವೆಡೆ ಪಾಠ ವಾಟ್ಸ್‌ಆ್ಯಪ್ ಗ್ರೂಪ್‌ಗಳಿಗೆ ಬಂತು. ಅದಕ್ಕೂ ಮುಂಚಿನ 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ದೇಶದ ಗ್ರಾಮೀಣ ಕುಟುಂಬಗಳ ಪೈಕಿ ಇಂಟರ್ನೆಟ್ ಸೌಲಭ್ಯ ಇದ್ದದ್ದು ಸುಮಾರು ಶೇ 15ರಷ್ಟಕ್ಕೆ. ರಾಜ್ಯ ಶಿಕ್ಷಣ ಇಲಾಖೆ 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಎಂಬ ಕಲಿಕಾ ಕಾರ್ಯಕ್ರಮ ಆರಂಭಿಸಿದಾಗ ಮಕ್ಕಳನ್ನು ಅವರ ಮನೆಯಲ್ಲಿರುವ ಸಾಧನಕ್ಕೆ ತಕ್ಕಂತೆ ವಿಂಗಡಿಸಿತು: ಮೊಬೈಲೇ ಇಲ್ಲದವರು, ಇಂಟರ್ನೆಟ್ ಇಲ್ಲದ ಮೊಬೈಲಿನವರು, ಇಂಟರ್ನೆಟ್ ಇರುವವರು. ಶಿಕ್ಷಕರು ಊರಿಗೇ ಹೋಗಿ ಗುಡಿಯ ಜಗಲಿ, ಸಮುದಾಯ ಭವನಗಳಲ್ಲಿ ಪಾಠ ಮಾಡಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಅದು ಬೇರೆ ಮಾತು. ಆ್ಯಪ್ ಆರಿಸುವ ಮೊದಲು ಸದಸ್ಯರ ಕೈಯಲ್ಲಿ ಏನಿದೆ ಎಂದು ಎಣಿಸಿದ ಕ್ರಮವಾಗಿ ವಿದ್ಯಾಗಮ ಇಲ್ಲಿ ಮುಖ್ಯ. ಬಹುತೇಕ ಸಂಘಸಂಸ್ಥೆಗಳು ಇಂದಿಗೂ ಅಷ್ಟನ್ನು ಮಾಡುವುದಿಲ್ಲ. ಮೊದಲು ಗ್ರೂಪ್ ಮಾಡಿ, ಆಮೇಲೆ ಯಾರಿಲ್ಲ ಎಂದು ಕೇಳುತ್ತವೆ.

ಬೆಸೆಯುವ ಪ್ರಯತ್ನಗಳು

ಎಲ್ಲರನ್ನೂ ಒಂದೇ ಆ್ಯಪ್‌ಗೆ ಎಳೆಯುವ ಬದಲು ಆ್ಯಪ್‌ಗಳೇ ಪರಸ್ಪರ ಮಾತಾಡಲಿ ಎಂಬುದು ಇನ್ನೊಂದು ದಾರಿ. 2014ರಲ್ಲಿ ಶುರುವಾದ ಮ್ಯಾಟ್ರಿಕ್ಸ್ ಎಂಬ ಮುಕ್ತ ಮಾನದಂಡದ ಮೇಲೆ ಫ್ರಾನ್ಸ್ ಸರ್ಕಾರ ತನ್ನ ನೌಕರರಿಗಾಗಿ ಚಾಪ್ ಎಂಬ ಸೇವೆ ಕಟ್ಟಿಕೊಂಡಿದೆ. ಎಸ್‌ಎಂಎಸ್‌ನ ಉತ್ತರಾಧಿಕಾರಿ ಎನ್ನಿಸಿಕೊಂಡ ಆರ್‌ಸಿಎಸ್ ಅನ್ನು ಆ್ಯಪಲ್ ವರ್ಷಗಳ ಕಾಲ ದೂರವಿಟ್ಟು, 2024ರ ಸೆಪ್ಟೆಂಬರ್‌ನಲ್ಲಿ ಐಓಎಸ್ 18ರೊಂದಿಗೆ ಒಪ್ಪಿಕೊಂಡಿತು. ಐರೋಪ್ಯ ಒಕ್ಕೂಟ ಕಾನೂನನ್ನೇ ಮಾಡಿತು: 2022ರ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ 7ನೇ ವಿಧಿಯಂತೆ ದೊಡ್ಡ ಸಂದೇಶ ಸೇವೆ, ಕೇಳಿದ ಚಿಕ್ಕ ಸೇವೆಯ ಜೊತೆ ಬೆಸೆದುಕೊಳ್ಳಬೇಕು. ಸಿಗ್ನಲ್ ಇದಕ್ಕೆ ಒಲವು ತೋರಲಿಲ್ಲ. ಇನ್ನೊಂದು ಕಡೆಯ ಎನ್‌ಕ್ರಿಪ್ಷನ್ ಎಷ್ಟು ಗಟ್ಟಿ ಎಂಬ ಅದರ ಆತಂಕ ಸುಳ್ಳೇನಲ್ಲ. ವಾಟ್ಸ್‌ಆ್ಯಪ್ 2025ರ ನವೆಂಬರ್‌ನಲ್ಲಿ ಯುರೋಪಿನ ಬಳಕೆದಾರರಿಗೆ ಬರ್ಡಿಚಾಟ್ ಮತ್ತು ಹೈಕೆಟ್ ಎಂಬ ಎರಡು ಚಿಕ್ಕ ಆ್ಯಪ್‌ಗಳ ಜೊತೆ ಚಾಟ್ ತೆರೆಯಿತು.

ಭಾರತದಲ್ಲಿ ಇಂಥ ಕಾನೂನಿಲ್ಲ, ಆದರೆ ಮಾದರಿಯೊಂದು ಜೇಬಿನಲ್ಲೇ ಇದೆ. 2016ರಲ್ಲಿ ಬಂದ ಯುಪಿಐ ಪಾವತಿ ವ್ಯವಸ್ಥೆಯಿಂದಾಗಿ ಫೋನ್‌ಪೇಯಿಂದ ಗೂಗಲ್ ಪೇಗೆ ಹಣ ಸರಾಗವಾಗಿ ಹೋಗುತ್ತದೆ, ಆದರೆ ‘ದುಡ್ಡು ಬಂತಾ?’ ಎಂದು ವಾಟ್ಸ್‌ಆ್ಯಪ್‌ನಿಂದ ಸಿಗ್ನಲ್‌ಗೆ ಕೇಳಲಾಗದು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಜೋಹೋ ಕಂಪನಿಯ ಅರಟ್ಟೈ ದಿಢೀರನೆ ಜನಪ್ರಿಯವಾದಾಗ, ಸಂದೇಶ ಸೇವೆಗಳೂ ಯುಪಿಐನಂತೆ ಬೆಸೆದುಕೊಂಡಿರಬೇಕೆಂದು ಜೋಹೋದ ಸಹಸ್ಥಾಪಕ ಶ್ರೀಧರ್ ವೆಂಬು ವಾದಿಸಿದರು. ಆ ಹೊತ್ತಿಗೆ ಅರಟ್ಟೈ ಬರಹದ ಸಂದೇಶಗಳಿಗೆ ಎರಡು ತುದಿಗಳ ನಡುವಿನ ಎನ್‌ಕ್ರಿಪ್ಷನ್ ಇರಲಿಲ್ಲ, ಕರೆಗಳಿಗಷ್ಟೇ ಇತ್ತು. ಕೇಂದ್ರ ಸರ್ಕಾರ ನೇಮಿಸಿದ ಸಮಿತಿ 2024ರ ಮಾರ್ಚ್‌ನಲ್ಲಿ ಮುಂದಿಟ್ಟ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡಿನಲ್ಲಿ, ನಿಯಂತ್ರಣಕ್ಕೆ ಒಳಪಡಬೇಕಾದ ಸೇವೆಗಳ ಪಟ್ಟಿಯಲ್ಲಿ ವ್ಯಕ್ತಿ–ವ್ಯಕ್ತಿ ನಡುವಿನ ಸಂದೇಶ ಸೇವೆಯೂ ಸೇರಿದೆ.